ಡಿಸ್ಕ್ ಮುಟ್ಟಿಲ್ಲ ಅಂದವಳು

"ಮ್ಬಾಕ್, ಇಲ್ಲಿಗೆ ತರೋಕೆ ಮುಂಚೆ ನೀವೇ ಏನಾದ್ರೂ ಮಾಡಿ ನೋಡಿದ್ರಾ?"

ಹಾರ್ಡ್ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದುಕೊಂಡೇ ಗಿಲಾಂಗ್ ಕೇಳಿದ. ಜಾವಾದಲ್ಲಿ ಮರ್ಯಾದೆಗೆ ಹುಡುಗಿಯನ್ನು 'ಮ್ಬಾಕ್', ಹುಡುಗನನ್ನು 'ಮಾಸ್' ಅನ್ನುತ್ತಾರೆ.

ಲಾರಸ್ ಅವನ ಮುಖ ನೋಡಿದಳು. ರಿಪೇರಿ ಅಂಗಡಿಯವನಿಗೆ ಇಷ್ಟು ಶಾಂತವಾದ ಕಣ್ಣು ಯಾಕಿರಬೇಕು! ಆ ಕಣ್ಣಿನೆದುರು ಪೆದ್ದಿ ಅನ್ನಿಸಿಕೊಳ್ಳುವುದು ಹೇಗೆ?

"ಇಲ್ಲ ಮಾಸ್... ಏನೂ ಮುಟ್ಟಿಲ್ಲ," ಅಂದುಬಿಟ್ಟಳು.

ಹಸಿ ಸುಳ್ಳು! ಹಿಂದಿನ ಮಧ್ಯಾಹ್ನವಷ್ಟೇ ಇಂಟರ್ನೆಟ್ಟಿನಲ್ಲಿ ಸಿಕ್ಕಿದ 'ಒಂದೇ ಕ್ಲಿಕ್ಕಿಗೆ ರಿಪೇರಿ' ಎಂಬ ಬಿಟ್ಟಿ ಸಾಫ್ಟ್‌ವೇರ್ ಓಡಿಸಿ, ಅದು ಕೇಳಿದ್ದಕ್ಕೆಲ್ಲ ಓಕೆ ಒತ್ತಿ, ಸಿಕ್ಕ ಅರೆಬರೆ ಫೈಲುಗಳನ್ನು ಅದೇ ಡಿಸ್ಕಿಗೆ ತುಂಬಿದ್ದಳು. ಅಲ್ಲಿಯತನಕ ಡಿಸ್ಕ್ ನಿಧಾನವಾಗಿತ್ತು, ಅಷ್ಟೆ. ಆಮೇಲೆ ಫೋಲ್ಡರುಗಳೆಲ್ಲ ಖಾಲಿ ಕಂಡವು.

ಅದರಲ್ಲಿದ್ದದ್ದು ಸೋಲೋ ಊರಿನ ಅವಳ ಓಣಿಯಲ್ಲಿ, ಮೇಣದಿಂದ ಬಟ್ಟೆಗೆ ಚಿತ್ತಾರ ಬಿಡಿಸುವ ಬಾಟಿಕ್ ಸಂಘದ ಮುನ್ನೂರ ನಲವತ್ತು ಹಳೆಯ ವಿನ್ಯಾಸಗಳು. ಕಾಗದಗಳಿಗೆ ಗೆದ್ದಲು ಹಿಡಿದಿತ್ತು. ಸಂಘದ ಕಾರ್ಯದರ್ಶಿ ಲಾರಸ್ ಎರಡು ವರ್ಷ ಕೂತು ಎಲ್ಲವನ್ನೂ ಸ್ಕ್ಯಾನ್ ಮಾಡಿ, "ಇನ್ನು ಭಯ ಬೇಡ, ಕಾಗದ ಸುಟ್ಟುಬಿಡಿ" ಎಂದು ಹಿರಿಯರಿಗೆ ತಾನೇ ಹೇಳಿ ಸುಡಿಸಿದ್ದಳು. ಇನ್ನೊಂದು ಪ್ರತಿ ಇಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

"ಮೊದಲು ಪೂರ್ತಿ ನಕಲು ತೆಗೀತೀನಿ," ಅಂದ ಗಿಲಾಂಗ್. "ಏನೇ ಪ್ರಯೋಗ ಮಾಡಿದ್ರೂ ನಕಲಿನ ಮೇಲೆ. ಆಮೇಲೆ ಸಾಫ್ಟ್‌ವೇರ್ ಆರಿಸ್ಬೇಕು. ಒಂದು ಜಾತಿ, ಯಾವ ಫೈಲು ಎಲ್ಲಿದೆ ಅಂತ ಡಿಸ್ಕಿನೊಳಗಿರೋ ಪಟ್ಟಿ ನೋಡಿ ಹುಡುಕತ್ತೆ. ಫೈಲು ಹೆಸರು ಸಮೇತ ಸಿಗತ್ತೆ. ಇನ್ನೊಂದು ಪಟ್ಟೀನೇ ನೋಡಲ್ಲ, ಚಿತ್ರ ಅಂತ ಕಂಡಿದ್ದನ್ನ ಎತ್ಕೊಳ್ಳತ್ತೆ. ಹೆಸರೆಲ್ಲ ಹೋಗತ್ತೆ."

"ಅಯ್ಯೋ, ಹೆಸರು ಬೇಕು ಮಾಸ್! ಯಾವುದು ಯಾರ ಮನೇದು ಅಂತ ಅದರಲ್ಲೇ ಇರೋದು."

"ಪಟ್ಟಿ ಕೆಟ್ಟಿಲ್ಲದಿದ್ರೆ ಮೊದಲನೇದೇ ಸಾಕು. ನೀವು ಮುಟ್ಟಿಲ್ವಲ್ಲ..."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಅವಳು ನೆಲ ನೋಡಿದಳು.

ಐದು ದಿನ ಲಾರಸ್ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಗೆ ಹೋದಳು. ಗಿಲಾಂಗ್ ಬಾಳೆಎಲೆಯ ಪೊಟ್ಟಣ ಬಿಚ್ಚಿ ಅನ್ನ, ಕರಿದ ತೆಂಪೆ ಎಂಬ ಸೋಯಾ ಬಿಲ್ಲೆಗಳನ್ನು ಅವಳ ಕಡೆಗೂ ಸರಿಸುತ್ತಿದ್ದ. ಇಬ್ಬರೂ ಕೆಲಸ ಎಷ್ಟಾಯಿತೆಂದು ತೋರಿಸುತ್ತ ಪರದೆಯ ಮೇಲೆ ತೆವಳುವ ಹಸಿರು ಗೆರೆಯನ್ನು ನೋಡುತ್ತ ಉಣ್ಣುತ್ತಿದ್ದರು.

ಹೆಸರು ಉಳಿಯಲೆಂದು, ಪಟ್ಟಿ ನೋಡುವ ಜಾತಿಯ ಮೂರು ಸಾಫ್ಟ್‌ವೇರನ್ನೇ ಒಂದಾದ ಮೇಲೊಂದು ಓಡಿಸಿದ. ಮೂರರಲ್ಲೂ ಖಾಲಿ ಫೋಲ್ಡರು! ಅವನು ತಲೆ ಕೆರೆದುಕೊಂಡು "ನಾಳೆ ನೋಡೋಣ" ಎಂದು ನಗುವನು. ಆ ನಗು ಕಂಡಾಗಲೆಲ್ಲ ಅವಳು ಉಣ್ಣುವುದು ಬಿಟ್ಟು ಅನ್ನ ಕಲಸುತ್ತ ಕೂರುವಳು.

'ಹೇಳಿಬಿಡಲಾ? ಸುಳ್ಳುಬುರುಕಿ ಅಂತ ಗೊತ್ತಾದರೆ ಮತ್ತೆ ಹೀಗೆ ನಗುತ್ತಾನಾ...?'

ಪ್ರೀತಿ ಹೆಚ್ಚಿದಷ್ಟೂ ನಾಚಿಕೆಯೂ ಹೆಚ್ಚಿತು. ಹೇಳಲಿಲ್ಲ.

ಆರನೆಯ ದಿನ ಸಂಘದ ಹಿರಿಯಳು, ಎಲ್ಲರೂ 'ಬು' ಅಂದರೆ ಅಮ್ಮ ಎಂದು ಕರೆಯುವ ಬು ಸಾರ್ಮಿ ತಾನೇ ಹೊರಟು ಬಂದಳು. ಎಪ್ಪತ್ತೆಂಟು ವರ್ಷದ ಆಕೆಗೆ ಗಿಲಾಂಗ್ ಬಾಗಿ ಕೈಮುಗಿದ.

"ಕ್ಷಮಿಸಿ ಬು. ನಾನು ಸಾಫ್ಟ್‌ವೇರ್ ಆರಿಸಿದ್ದೇ ತಪ್ಪಾಯ್ತು. ನಿಮ್ಮ ಹುಡುಗೀದೇನೂ ತಪ್ಪಿಲ್ಲ."

"ಇಷ್ಟೊಂದು ಮಿಷೀನ್ ಇಟ್ಕೊಂಡು ಏನಪ್ಪಾ ಮಾಡ್ತೀಯ? ನನ್ನ ಮೇಣದ ಬಾಣಲಿಗೂ ನಿನಗಿಂತ ಜಾಸ್ತಿ ನೆನಪಿದೆ!"

ಅವನು ತಲೆ ತಗ್ಗಿಸಿ ಬೈಸಿಕೊಂಡ. ಲಾರಸ್‌ಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಬದಲು ಅವನು...!

"ನಿಲ್ಲಿಸಿ ಬು!" ಲಾರಸ್ ನಡುವೆ ಬಂದಳು. "ಕೆಡಿಸಿದ್ದು ನಾನು. ಯಾವುದೋ ಸಾಫ್ಟ್‌ವೇರ್ ಹಾಕಿದೆ. ಸಿಕ್ಕಿದ್ದನ್ನೆಲ್ಲ ಅದೇ ಡಿಸ್ಕಿಗೇ ಹಾಕಿದೆ. ಮುಟ್ಟಿಲ್ಲ ಅಂತ ಇವರಿಗೆ ಸುಳ್ಳು ಹೇಳ್ದೆ."



"ಅದೇ ಡಿಸ್ಕಿಗಾ?" ಗಿಲಾಂಗ್ ತಟ್ಟನೆ ತಲೆ ಎತ್ತಿದ. "ಹಾಗಾದ್ರೆ ಪಟ್ಟಿ ಮೇಲೇ ಬರೆದುಹೋಗಿದೆ! ಅದಕ್ಕೇ... ಏನೋ ಓಡ್ಸಿದೀರಿ ಅಂತ ಮೊದಲನೇ ದಿನ ನೀವು ನೆಲ ನೋಡಿದಾಗಲೇ ಗೊತ್ತಾಗಿತ್ತು. ಇಷ್ಟಾಗಿದೆ ಅಂತ ಗೊತ್ತಿರ್ಲಿಲ್ಲ."

"ಗೊತ್ತಿತ್ತಾ? ಐದು ದಿನ ಒಳಗೊಳಗೇ ನಗ್ತಿದ್ರಾ ನನ್ನ ನೋಡಿ?"

"ಇಲ್ಲ ಮ್ಬಾಕ್! ಮತ್ತೆ ಕೇಳಿದ್ರೆ ನಿಮಗೆ ಅವಮಾನ ಆಗತ್ತೆ, ಇನ್ನು ಬರಲ್ಲ ಅಂತ... ಸುಮ್ಮನಾದೆ. ಕೇಳಿದ್ದಿದ್ರೆ ಅವತ್ತೇ ಪಟ್ಟಿ ನೋಡದ ಇನ್ನೊಂದು ಜಾತಿ ಸಾಫ್ಟ್‌ವೇರ್ ಆರಿಸ್ತಿದ್ದೆ. ತಪ್ಪು ನನ್ನದೂ ಹೌದು."

ಬು ಸಾರ್ಮಿ ಹಣೆ ಚಚ್ಚಿಕೊಂಡಳು. "ಇವನಿಗೆ ಕೇಳೋಕೆ ಸಂಕೋಚ, ಇವಳಿಗೆ ಹೇಳೋಕೆ ನಾಚಿಕೆ! ನಮ್ಮ ಜಾವಾದವರ ಈ ಮರ್ಯಾದೆಗೆ ಬೆಂಕಿ ಹಾಕ. ಓಡ್ಸೋ ಆ ಇನ್ನೊಂದು ಜಾತೀದನ್ನ!"

ಸಂಜೆಯೊಳಗೆ ಇನ್ನೂರ ತೊಂಬತ್ತೊಂದು ಚಿತ್ರ ಎದ್ದು ಬಂದವು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಬು ಸಾರ್ಮಿ ಪರದೆಗೆ ಮೂಗು ತಾಗಿಸಿ ಕೂತಳು.

"ಇದು ನಮ್ಮತ್ತೇದು. ಬಳ್ಳೀನ ಎಡಕ್ಕೆ ತಿರುಗಿಸ್ತಿದ್ದದ್ದು ಅವರೊಬ್ಬರೇ. ಬರ್ಕೋ."

ಲಾರಸ್ ಬರೆದುಕೊಂಡಳು. ಉಳಿದ ನಲವತ್ತೊಂಬತ್ತು ಅವಳು ತುಂಬಿದ ಫೈಲುಗಳ ಅಡಿಯಲ್ಲಿ ಅಳಿಸಿಹೋಗಿದ್ದವು. ಬರೆಯುತ್ತಲೇ ಅವಳಿಗೆ ಅಳು ಬಂತು.

"ಅಳ್ತಾ ಕೂತ್ರೆ ಬರಲ್ಲ ಅವು," ಮುದುಕಿ ಅಂದಳು. "ಕೆಲವು ನನ್ನ ಕೈಗೆ ನೆನಪಿವೆ. ನಾಳೆಯಿಂದ ಬಂದು ಪಕ್ಕದಲ್ಲಿ ಕೂತ್ಕೋ, ಬಿಡಿಸ್ತೀನಿ." ಹಾಗೆಂದು ಇಬ್ಬರನ್ನೂ ಒಮ್ಮೆ ನೋಡಿ, ಚಹಾ ಕುಡಿದು ಬರುವೆನೆಂದು ಹೊರಗೆ ಹೋದಳು.

ಗಿಲಾಂಗ್ ಸುಮ್ಮನೆ ಕೇಬಲ್ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.

"ಮ್ಬಾಕ್ ಲಾರಸ್... ಇನ್ನೊಂದು ವಿಷ್ಯ ಐದು ದಿನದಿಂದ ಕೇಳಿಲ್ಲ. ನನಗೆ ನೀವು ಇಷ್ಟ. ನಿಮಗೆ?"

ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು.

"ಮಾಸ್, ಸ್ವಲ್ಪ ಆ ಕಡೆ ತಿರುಗ್ತೀರಾ?"

"ಯಾಕೆ?"

"ನಿಮ್ಮ ಮುಖ ನೋಡ್ಕೊಂಡು ಹೇಳೋಕೆ ನಾಚಿಕೆ ಆಗತ್ತೆ..."

ಅವನು ವಿಧೇಯನಾಗಿ ಗೋಡೆಯ ಕಡೆ ತಿರುಗಿ ನಿಂತ.

"ಹೂಂ," ಅಂದಳು ಲಾರಸ್.