ಮುಂಬಯಿಗೆ ಹೋಗ್ರಿ ಅಂದಾಂವ

"ನಮ್ಮ ಬಡತನ ನೋಡಾಕ ಬಂದೀರೇನ್ರಿ?"

ಧಮ್ಮಶೀಲಾ ಹೀಗೆ ಕೇಳಿದ್ದೇ ತಡ, ಅಂಗಳದಲ್ಲಿ ನಿಂತಿದ್ದ ಯುವಕ ತಬ್ಬಿಬ್ಬಾದ. ಕೈಯಲ್ಲಿದ್ದ ಫೈಲನ್ನು ಮೆಲ್ಲಗೆ ಮುಚ್ಚಿದ.

ಅವನ ಹೆಸರು ಜೈಪಾಲ. ಹೈದರಾಬಾದಿನ ವಿಶ್ವವಿದ್ಯಾಲಯವೊಂದರಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಿದ್ದ. ಅಲ್ಲಿಯ ಎರಡು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕವರಿಗೆ ಫೀಸು, ಹಾಸ್ಟೆಲು, ಊಟ ಎಲ್ಲವೂ ಸ್ಕಾಲರ್‌ಶಿಪ್ಪಿನಲ್ಲೇ. ಅರ್ಜಿ ಹಾಕಿದವರ ಮನೆ ನೋಡಿ ವರದಿ ಬರೆಯಲು ಅವನನ್ನು ತಾಂಡೂರಿನ ಹತ್ತಿರದ ಪೆದ್ದೆಮುಲ್‌ಗೆ ಕಳಿಸಿದ್ದರು. ಮನೆಯ ಛಾವಣಿ ಎಂಥದು, ದುಡಿಯುವವರು ಎಷ್ಟು ಮಂದಿ ಎಂದು ಕೇಳುತ್ತಿದ್ದಂತೆ ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

"ಶೀಲಾ, ಮನಿಗೆ ಬಂದೋರಿಗೆ ಹಿಂಗ ಮಾತಾಡ್ತಾರೇನ?" ಅವ್ವ ಭೂದೇವಿ ಒಳಗಿನಿಂದಲೇ ಗದರಿದಳು.

"ಇರ್ಲಿ ಬಿಡ್ರಿ ಯವ್ವ," ಅಂದ ಜೈಪಾಲ. "ಐದು ವರ್ಷದ ಹಿಂದ ನಮ್ಮ ಮನಿಗೂ ಒಬ್ರು ಇಂಥಾದೇ ಫೈಲ್ ಹಿಡಕೊಂಡು ಬಂದಿದ್ರು. ನನಗೂ ಭಾಳ ಸಿಟ್ಟು ಬಂದಿತ್ತು."

ನಂತರ ಅವನ ಕಣ್ಣು ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಹೋಯಿತು. ಅಲ್ಲಿ ಹಲಗೆಯ ಮೇಲೆ ಸಾಲಾಗಿ ಕಲ್ಲುಗಳು. ಒಂದೊಂದಕ್ಕೂ ಅಂಟಿಸಿದ ಪುಟ್ಟ ಚೀಟಿ.

"ಇವು ಎಲ್ಲಿಂದ ತಂದ್ರಿ?"

ಅವಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಅಪ್ಪ ತುಳಸಿರಾಮ ಮೂವತ್ತು ವರ್ಷ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವನು. ದೂಳು ಎದೆಗಿಳಿದು ಕೆಮ್ಮು ಹಿಡಿದ ಮೇಲೆ ಡಾಕ್ಟರು ಗಣಿಯ ಕಡೆ ತಲೆ ಹಾಕಲೂಬೇಡ ಎಂದಿದ್ದರು. ಈಗ ಶಾಲೆಯೊಂದರಲ್ಲಿ ವಾಚಮನ್. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ದಿನಗಳಿಂದಲೂ ಅವಳು ಕಲ್ಲು ಕೂಡಿಸಿದ್ದಳು.

ಒಂದು ತಾಸು ಅವಳೇ ಮಾತಾಡಿದಳು. ಅವನು ಕೇಳುತ್ತಲೇ ಇದ್ದ.

ಅವನು ಹೋದ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. 'ಇಷ್ಟು ವರ್ಷದಲ್ಲಿ ನನ್ನ ಕಲ್ಲಿನ ಮಾತನ್ನು ಯಾರೂ ಹೀಗೆ ಕೂತು ಕೇಳಿರಲಿಲ್ಲ...'

ಜೂನ್‌ನಲ್ಲಿ ಸೀಟು ಸಿಕ್ಕಿತು. ಕಾಗದಪತ್ರದ ನೆಪದಲ್ಲಿ ಶುರುವಾದ ಫೋನು, ನೆಪವಿಲ್ಲದೆಯೂ ಬರತೊಡಗಿತು. ಅವನ ಹೆಸರು ಪರದೆಯ ಮೇಲೆ ಮೂಡಿದರೆ ಸಾಕು, ಅವಳ ಎದೆಯೊಳಗೆ ಏನೋ ಹಗುರಾಗುತ್ತಿತ್ತು.

ಆಗಲೇ ಎರಡನೆಯ ಪತ್ರ ಬಂತು. ಅವಳು ಅರ್ಜಿ ಹಾಕಿದ್ದ ಮುಂಬಯಿಯ ಸಂಸ್ಥೆಯಲ್ಲೂ ಸೀಟು ಸಿಕ್ಕಿತ್ತು. ದೇಶಕ್ಕೇ ಗೊತ್ತಿರುವ ಹೆಸರು. ಸುದ್ದಿ ತಿಳಿದದ್ದೇ ಊರಿನವರು ಅವಳಿಗೆ ಸನ್ಮಾನ ಮಾಡಬೇಕೆಂದು ಮಾತಾಡಿಕೊಂಡರು. ಆದರೆ ಅಲ್ಲಿ ಮೊದಲ ವರ್ಷ ಸ್ಕಾಲರ್‌ಶಿಪ್ ಇರಲಿಲ್ಲ.

ಅವಳು ಜೈಪಾಲನನ್ನೇ ಕೇಳಿದಳು. "ನೀವು ಹೇಳ್ರಿ. ಎಲ್ಲಿಗೆ ಹೋಗ್ಲಿ?"

ಆ ಕಡೆ ಅವನು ಗಂಟಲು ಸರಿಮಾಡಿಕೊಂಡ.

"ಮುಂಬಯಿಗೆ ಹೋಗ್ರಿ."

"ಅಷ್ಟೇನಾ?"

"ಅಷ್ಟೇ ರೀ."

ಫೋನು ಇಟ್ಟ ಮೇಲೆ ಅವಳು ಎರಡೂ ಪತ್ರಗಳನ್ನು ಮಡಿಸಿಟ್ಟಳು. ಇಲ್ಲೇ ಬಾ ಎನ್ನುತ್ತಾನೆಂದು ತಾನು ಕಾಯುತ್ತಿದ್ದೆನೇ? ಅವನಿಗೆ ಏನೂ ಅನ್ನಿಸುವುದೇ ಇಲ್ಲವೇ?

ಮರುದಿನ ಗೆಳತಿ ಸ್ವರೂಪಾ ಮೊಬೈಲು ಹಿಡಿದು ಬಂದಳು. "ಹೈದರಾಬಾದಿನ ವೇಟಿಂಗ್ ಲಿಸ್ಟ್ ನೋಡೀಯೇನ? ನೀ ಬಿಟ್ರ ಆ ಸೀಟು ಪ್ರೇಮಲಾ ಅನ್ನಾಕಿಗೆ ಹೋಗ್ತದ. ನಾರಾಯಣಖೇಡದಾಕಿ. ಜೈಪಾಲನ ಖಾಸಾ ತಂಗಿ."

ಅವಳು ಆ ಹೆಸರನ್ನು ಇನ್ನೊಮ್ಮೆ ಓದಿದಳು. 'ಅದಕ್ಕೇ ಮುಂಬಯಿಗೆ ಹೋಗ್ರಿ ಅಂದನಾ...'

ನಾಲ್ಕು ದಿನ ಅವನ ಫೋನು ತೆಗೆಯಲಿಲ್ಲ.

ಐದನೆಯ ದಿನ ಸಂಜೆ ಬಸ್ ನಿಲ್ದಾಣದಲ್ಲಿ ಗಣಿಯ ಮೇಸ್ತ್ರಿ ಕಿಷ್ಟಪ್ಪ ಸಿಕ್ಕ. "ನಿಮ್ಮಪ್ಪಗ ಆರಾಮ ಆಗ್ಯದೇನವ್ವ? ಸೋಮವಾರದಿಂದ ಮತ್ತ ಗಣಿಗೆ ಬರ್ತೀನಿ ಅಂದಾನ."

ಅವಳು ಮನೆಗೆ ಓಡಿದಳು. ಅಪ್ಪ ಕಟ್ಟೆಯ ಮೇಲೆ ಕೂತು ಹಳೆಯ ಬೂಟಿನ ದೂಳು ಕೊಡವುತ್ತಿದ್ದ.

"ಯಾಕಪ್ಪ ಹಿಂಗ ಮಾಡ್ತಿ?"

"ಮುಂಬಯಿ ಅಂದ್ರ ಸಣ್ಣ ಮಾತೇನವ್ವ? ಊರೆಲ್ಲಾ ನಿನ್ನ ಹೆಸರು ಹೇಳಾಕತ್ತದ. ಒಂದೇ ವರ್ಷ. ನನ್ನ ಫಿಕರ್ ಮಾಡಬ್ಯಾಡ." ಮಾತು ಮುಗಿಯುವುದರೊಳಗೆ ಕೆಮ್ಮು ಬಂತು.

ಅವಳು ಅವನ ಕೈಯಿಂದ ಬೂಟು ತೆಗೆದಿಟ್ಟಳು. "ನಿನ್ನ ಎದಿ ಸುಟ್ಟು ಬರೂ ಹೆಸರು ನನಗ ಬ್ಯಾಡ."

"ನನ್ನ ಸಲುವಾಗಿ ಸಣ್ಣದು ತಗೋಬ್ಯಾಡ ಶೀಲಾ."

"ಸಣ್ಣದಲ್ಲಪ್ಪ. ಹೈದರಾಬಾದಿನ್ಯಾಗ ನಾಗರತ್ನಾ ಮೇಡಂ ಅಂತ ಅದಾರ. ಎರಡನೇ ವರ್ಷ ನಮ್ಮ ತಾಂಡೂರಿನ ಕಲ್ಲಿನ ಮ್ಯಾಲೇ ಕೆಲಸ ಮಾಡಸ್ತೀನಿ ಅಂತ ಪತ್ರ ಬರದಾರ. ನೀ ಮೂವತ್ತು ವರ್ಷ ಒಡದ ಕಲ್ಲು ಎಲ್ಲಿಂದ ಬಂತು, ಹೆಂಗ ಆತು, ಅದನ್ನ ನಾ ಓದ್ತೀನಿ. ನನಗ ಅದೇ ಬೇಕು."

ತುಳಸಿರಾಮ ಮಗಳ ತಲೆಯ ಮೇಲೆ ಕೈಯಿಟ್ಟ. ಆ ಒರಟು ಕೈಯ ಭಾರಕ್ಕೆ ಅವಳ ಕಣ್ಣು ತುಂಬಿ ಬಂತು. ಈ ಕೈ ಇಲ್ಲದಿದ್ದರೆ ತನಗೆ ಯಾವ ಪತ್ರವೂ ಬರುತ್ತಿರಲಿಲ್ಲ...

ಮರುದಿನ ಬೆಳಿಗ್ಗೆ ಹೈದರಾಬಾದಿಗೆ ಒಪ್ಪಿಗೆ ಬರೆದು ಕಳಿಸಿ, ಬಸ್ಸು ಹತ್ತಿ ನಾರಾಯಣಖೇಡಕ್ಕೆ ಹೋದಳು. ಸೀಟು ಬಿಡುವುದಿಲ್ಲ ಎಂದು ರಜೆಗೆ ಊರಿಗೆ ಬಂದಿದ್ದ ಜೈಪಾಲನ ಮುಖಕ್ಕೇ ಹೇಳಬೇಕಿತ್ತು.

ಬಾಗಿಲು ತೆರೆದವಳು ಪ್ರೇಮಲಾ. "ಅಣ್ಣ ಜಹೀರಾಬಾದಿಗೆ ಹೋಗ್ಯಾನ್ರಿ. ನೀವು...?"

"ಧಮ್ಮಶೀಲಾ. ಪೆದ್ದೆಮುಲ್."

ಆ ಹುಡುಗಿಯ ಮುಖ ಅರಳಿತು. "ಕಲ್ಲಿನ ಅಕ್ಕಾರ? ಬರ್ರಿ ಒಳಗ. ಎರಡು ತಿಂಗಳಿಂದ ಅಣ್ಣನ ಬಾಯಾಗ ಬರೇ ನಿಮ್ಮ ಮಾತೇ."

"ನಾ ಸೀಟು ಬಿಟ್ರ ನಿಮಗ ಸಿಗ್ತದಲ್ಲ?" ಶೀಲಾ ನಿಂತಲ್ಲೇ ಕೇಳಿದಳು.

"ನನಗ್ಯಾಕ್ರಿ? ನಾ ಬಿ.ಎಡ್.ಗೆ ಸೇರೀನಿ. ಸೀಟು ಬ್ಯಾಡ ಅಂತ ಹೋದ ತಿಂಗಳೇ ಅಣ್ಣ ನನ್ನ ಕೈಲೆ ಬರಸ್ಯಾನ. ಲಿಸ್ಟಿನ್ಯಾಗ ಹೆಸರು ಇನ್ನಾ ತಗದಿಲ್ಲೇನು?"

ಶೀಲಾ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಎಂಥ ಮಾತು ಮನಸ್ಸಿನಲ್ಲಿ ಆಡಿಕೊಂಡಿದ್ದೆ... ಪ್ರೇಮಲಾ ನೀರು ತಂದುಕೊಟ್ಟು, ಏನೂ ಕೇಳದೆ ಅಣ್ಣನಿಗೆ ಫೋನು ಹಚ್ಚಿದಳು.

ವಾಪಸು ಬರುವಾಗ ಜಹೀರಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಇಳಿದಾಗ ಜೈಪಾಲ ಎದುರೇ ನಿಂತಿದ್ದ.

"ತಪ್ಪಾತು... ಮಾಫ್ ಮಾಡ್ರಿ," ಅವಳೇ ಮೊದಲು ಅಂದಳು. "ತಂಗಿ ಸಲುವಾಗಿ ನನ್ನ ಮುಂಬಯಿಗೆ ಅಟ್ಟಾಕತ್ತೀರಿ ಅಂತ ತಿಳಕೊಂಡಿದ್ದೆ."

"ಪ್ರೇಮಲಾ ಹೇಳಿದ್ಳು."

"ಹಂಗಾರ ಯಾಕ ಅಂದ್ರಿ? ಖರೇ ಹೇಳ್ರಿ."

ಅವನು ನೆಲ ನೋಡಿದ. "ಇಲ್ಲೇ ಬರ್ರಿ ಅಂತ ಬಾಯಿ ತನಕಾ ಬಂದಿತ್ತು. ಅದು ನಿಮ್ಮ ಓದಿನ ಸಲುವಾಗೋ, ನಾ ದಿನಾ ನಿಮ್ಮನ್ನ ನೋಡಬೇಕಂತೋ ನನಗೇ ತಿಳೀಲಿಲ್ಲ. ನನ್ನ ಆಸೆಗೆ ನಿಮ್ಮ ದಾರಿ ತಿರುಗಬಾರದು ಅಂತ ದೊಡ್ಡ ಹೆಸರು ಹೇಳಿಬಿಟ್ಟೆ."

"ಈಗ ತಿಳೀತೇನ್ರಿ?"

"ತಿಳೀತು." ಅವನು ಅವಳ ಮುಖ ನೋಡಿದ. "ನಿಮ್ಮನ್ನ ಪ್ರೀತಿ ಮಾಡ್ತೀನಿ ಶೀಲಾ. ನೀವು ಮುಂಬಯಿಗೆ ಹೋದ್ರೂ ಮಾಡ್ತೀನಿ."

ಸುತ್ತಲೂ ಬಸ್ಸುಗಳ ಗದ್ದಲ. ಅವಳಿಗೆ ಅದೊಂದೂ ಕೇಳಿಸಲಿಲ್ಲ.

"ಹೈದರಾಬಾದಿಗೆ ಬರ್ತೀನಿ ಅಂತ ಮುಂಜಾನೇನೇ ಬರದು ಕಳಿಸೀನಿ. ನಿಮ್ಮ ಸಲುವಾಗಿ ಅಲ್ಲ ಮತ್ತ. ಅಪ್ಪನ ಸಲುವಾಗಿ, ನನ್ನ ಓದಿನ ಸಲುವಾಗಿ." ಅವಳು ತಲೆಯೆತ್ತಿದಳು. ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗು ಇತ್ತು. "ನೀವೂ ಅಲ್ಲೇ ಇರ್ತೀರಲ್ಲ... ಅದು ನನ್ನ ಪುಣ್ಯ."

ತಾಂಡೂರಿನ ಬಸ್ಸು ಬಂತು. ಅವನು ಕಿಟಕಿಯ ಬಳಿ ಸೀಟು ಹಿಡಿದುಕೊಟ್ಟು ಕೆಳಗಿಳಿದು ನಿಂತ.

"ಊರು ಮುಟ್ಟಿದ ಕೂಡ್ಲೇ ಫೋನ್ ಮಾಡ್ರಿ."

"ಮಾಡ್ರಿ ಅಲ್ಲ," ಅವಳು ಕಿಟಕಿಯಿಂದ ಮೆಲ್ಲಗೆ ಅಂದಳು. "ಮಾಡು ಅನ್ರಿ."

ಅವನು ಕಿವಿಯ ತನಕ ಕೆಂಪಾಗಿದ್ದ.

"ಮಾಡು... ಶೀಲಾ."

"ಹ್ಞೂಂ. ಮಾಡ್ತೀನಿ."