ಹಿರಿಯಮ್ಮಾಜಿ ಬಿಳಿ ಚೆಂಡಾದದ್ದು

ಬಹುಕಾಲದ ಹಿಂದೆ, ಏಳು ಬೆಟ್ಟಗಳಾಚೆ, ಹೊರಳುನಾಡು ಅಂತ ಒಂದು ರಾಜ್ಯವಿತ್ತು. ಅದನ್ನು ಹಿರಿಯಮ್ಮಾಜಿ ಎಂಬ ಮುದಿ ರಾಣಿ ಆಳುತ್ತಿದ್ದಳು. ಬಲು ಒಳ್ಳೆಯವಳು. ಆದರೆ ಬಲಕ್ಕೆ ಬನ್ನಿ ಎಂದರೆ ಎಡಕ್ಕೆ ಹೋಗುವ ಸ್ವಭಾವ. ಮಂತ್ರಿಗೆ ಕೆರೆ ಕಟ್ಟಿಸಬೇಕು ಅನ್ನಿಸಿದರೆ, "ಈ ಊರಿಗೆ ಕೆರೆ ಯಾಕೆ ತಾಯೀ, ದಂಡ!" ಎನ್ನುತ್ತಿದ್ದ. ಮರುದಿನವೇ ಅಗೆತ ಶುರುವಾಗುತ್ತಿತ್ತು.

ಅದೇ ಅರಮನೆಯಲ್ಲಿ ಪುಟ್ಟಮಲ್ಲಿ ಎಂಬ ಹುಡುಗಿ ಇದ್ದಳು. ಹರಿದ ಪರದೆ, ಜಮಖಾನೆಗಳಿಗೆ ರಫೂ ಹಾಕುವುದು ಅವಳ ಕೆಲಸ. ಹೆತ್ತವರಿಲ್ಲದ ಕೂಸನ್ನು ಅಮ್ಮಾಜಿಯೇ ತಂದು ಸಾಕಿದ್ದಳು. ಪುಟ್ಟಮಲ್ಲಿಗೆ ಎಷ್ಟು ಸಂಕೋಚವೆಂದರೆ, ಅವಳಾಡಿದ ಮಾತು ಅವಳ ಮೂಗಿನ ತುದಿಯನ್ನೂ ದಾಟುತ್ತಿರಲಿಲ್ಲ. ಅಮ್ಮಾಜಿಯೊಬ್ಬಳಿಗೇ ಅದು ಕೇಳುತ್ತಿದ್ದದ್ದು.

ಒಂದು ದಿನ ವಕ್ರದಂಡನೆಂಬ ಮಾಂತ್ರಿಕ ಹಸಿರು ಬನಾತು ಬಟ್ಟೆ ಹೊದಿಸಿದ ದೊಡ್ಡ ಮೇಜೊಂದನ್ನು ಗಾಳಿಯಲ್ಲಿ ತೇಲಿಸಿಕೊಂಡು ಆಸ್ಥಾನಕ್ಕೆ ಬಂದ. ಮೇಜಿನ ಅಂಚಿನಲ್ಲಿ ಆರು ಕುಳಿ. ಮೇಲೆ ಕೆಂಪು, ಹಳದಿ, ನೀಲಿ, ಮೂರು ಚೆಂಡು.

"ಅರ್ಧ ರಾಜ್ಯ ಕೊಡು," ಅಂದ.

"ನಿನ್ನ ಮುಖಕ್ಕೆ ಅರ್ಧ ರೊಟ್ಟಿ ಕೊಡೋದೂ ಹೆಚ್ಚು," ಅಂದಳು ಅಮ್ಮಾಜಿ.

ವಕ್ರದಂಡ ಚಿಟಿಕೆ ಹೊಡೆದ. ಸಿಂಹಾಸನ ಖಾಲಿಯಾಯಿತು. ಮೇಜಿನ ಮೇಲೆ ಬಿಳಿ ಚೆಂಡೊಂದು ಉರುಳುತ್ತಾ, "ಅಯ್ಯೋ ನನ್ನ ಸೊಂಟ!" ಎಂದು ಕೂಗಿತು.

"ಮೂರು ದಿನ ಗಡುವು," ಅಂದ ಮಾಂತ್ರಿಕ, ಉದ್ದನೆಯ ಕೋಲೊಂದನ್ನು ಮುಂದೆ ಚಾಚಿ. "ಈ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದು ತಾಗಿ ಬಣ್ಣದ ಮೂರೂ ಚೆಂಡು ಕುಳಿಗೆ ಬೀಳಬೇಕು. ಬಿಳಿಯದು ಬೀಳಬಾರದು. ಗೆದ್ದರೆ ನಿಮ್ಮ ರಾಣಿ ನಿಮಗೆ. ಮೂರನೇ ಸಂಜೆಯೊಳಗೆ ಆಗದಿದ್ದರೆ ಅವಳು ಎಂದೆಂದಿಗೂ ಚೆಂಡು, ರಾಜ್ಯ ನನ್ನದು. ಹೊಡೆದು ತಪ್ಪಿದವನು ಈ ಮೇಜಿನ ಸಾಮಾನಾಗುತ್ತಾನೆ."

ನೆರೆನಾಡಿನಿಂದ ಮೂವರು ರಾಜಕುಮಾರರು ಬಂದರು. ಚೆಂಡುಗಳನ್ನು ಮಾಂತ್ರಿಕ ಎಂಥ ಜಾಗದಲ್ಲಿ ಇಟ್ಟಿದ್ದನೆಂದರೆ, ನಡುವಿಗೆ ಹೊಡೆದರೆ ಕೆಂಪು ಬೀಳುತ್ತಿತ್ತು ನಿಜ, ಆದರೆ ಬಿಳಿಯೂ ಅಂಚಿಗೆ ಬಡಿದು ನೇರ ಎದುರಿನ ಕುಳಿಗೆ ಹೋಗುತ್ತಿತ್ತು. ಅಂಚಿಗೆ ಬಡಿದಾಗ ಅದು ಬೇರೆ ದಿಕ್ಕಿಗೆ ತಿರುಗಬೇಕಾದರೆ ಬುಗುರಿಯ ಹಾಗೆ ಸುತ್ತುತ್ತಾ ಹೋಗಬೇಕು. ಹಾಗೆ ಸುತ್ತಬೇಕಾದರೆ ಪಕ್ಕೆಗೆ ಹೊಡೆಯಬೇಕು.

ರಾಜಕುಮಾರರಿಗೆ ಇಷ್ಟು ಗೊತ್ತಿತ್ತು. ಮೊದಲನೆಯವನು ಗುರಿ ಹಿಡಿದು, ಬಲಪಕ್ಕೆಗೆ ಜೋರಾಗಿ ಹೊಡೆದ. ಕೆಂಪು ಚೆಂಡು ಬೆರಳಷ್ಟು ಅಂತರದಲ್ಲಿ ತಪ್ಪಿತು. "ಮೇಜು ಓರೆ!" ಅಂದವನೇ ಕೋಲಿನ ತುದಿಗೆ ಉಜ್ಜುವ ಸುಣ್ಣದ ಉಂಡೆಯಾದ. ಎರಡನೆಯವನು ಅದೇ ಪಕ್ಕೆಗೆ ಮೆಲ್ಲಗೆ ಹೊಡೆದ. ಅದೂ ತಪ್ಪಿತು. "ಮಂತ್ರಿ ಕೆಮ್ಮಿದ!" ಅಂದವನೇ ಕಾಲುಮಣೆಯಾದ. ಮೂರನೆಯವನು ಕಣ್ಣು ಮುಚ್ಚಿ ಹೊಡೆದು ಬನಾತನ್ನೇ ಹರಿದ. ಬನಾತು ಉಜ್ಜುವ ಕುಂಚವಾದ.

ಮೂರನೇ ದಿನ ಮಧ್ಯಾಹ್ನ, ಹರಿದದ್ದಕ್ಕೆ ರಫೂ ಹಾಕಲು ಪುಟ್ಟಮಲ್ಲಿಯನ್ನು ಕರೆಸಿದರು. ಸೂಜಿ ಹಿಡಿದವಳ ಕಣ್ಣು ಬಟ್ಟೆಯ ಮೇಲೇ ಇರುತ್ತದಲ್ಲ? ಚೆಂಡು ಉರುಳಿದ ಕಡೆಯಲ್ಲೆಲ್ಲ ಬನಾತಿನ ನವಿರು ರೋಮ ಗೆರೆಯಂತೆ ಮಲಗಿತ್ತು. ಜೋರಾಗಿ ಹೊಡೆದವನ ಗೆರೆ ಹೊರಟ ಜಾಗದಿಂದಲೇ ಎಡಕ್ಕೆ ವಾಲಿಕೊಂಡು ಹಾಗೇ ಹೋಗಿತ್ತು. ಮೆಲ್ಲಗೆ ಹೊಡೆದವನ ಗೆರೆ ಮೊದಲು ಎಡಕ್ಕೆ ವಾಲಿ, ಆಮೇಲೆ ಬಾಗಿ ಬಲಕ್ಕೆ ವಾಪಸು ಬಂದಿತ್ತು.

"ಅಮ್ಮಾಜಿ," ಪುಟ್ಟಮಲ್ಲಿ ಪಿಸುಗುಟ್ಟಿದಳು, "ನೀವು ಎಡಕ್ಕೆ ಸರೀತಿದ್ದೀರಾ?"

"ಮತ್ತಿನ್ನೇನೇ? ಬಲಪಕ್ಕೆಗೆ ತಿವಿದರೆ ಎಡಕ್ಕೆ ಸರಿಯದೆ, ತಿವಿದವನ ತೊಡೆ ಮೇಲೆ ಕೂತ್ಕೊಳ್ಳಲಾ?"

ಪುಟ್ಟಮಲ್ಲಿಗೆ ಅರ್ಥವಾಯಿತು. ಒತ್ತಾಯ ಮಾಡಿದರೆ ಅಮ್ಮಾಜಿ ಹೋದವಳು ಹೋದಳೇ. ನಯವಾಗಿ ಹೇಳಿದರೆ ಮೊದಲು ಮುಖ ತಿರುಗಿಸಿ, ನಾಲ್ಕು ಹೆಜ್ಜೆ ನಡೆದು, ತಾನಾಗಿ ಬರುತ್ತಾಳೆ. ಇಪ್ಪತ್ತು ವರ್ಷ ಅವಳ ಜೊತೆ ಉಂಡವಳಿಗೆ ಇದು ಹೊಸದೇ?

ರಫೂ ಮುಗಿಸಿ, ಸೂಜಿ ಕೆಳಗಿಟ್ಟು ಕೋಲು ಎತ್ತಿಕೊಂಡಳು. ಅಮ್ಮಾಜಿ ಚೆಂಡಾಗಿಯೇ ಉಳಿದರೆ ತನ್ನ ಮಾತು ಕೇಳುವವರು ಈ ಲೋಕದಲ್ಲಿ ಯಾರೂ ಇಲ್ಲ.

"ಓಹೋ, ಹೊಲಿಗೆಯವಳು!" ವಕ್ರದಂಡ ಹೊಟ್ಟೆ ಹಿಡಿದು ನಕ್ಕ.

ಅವಳು ಕಾಲುಮಣೆ ಹತ್ತಿದಳು. "ಅಮ್ಮಾ, ಬೆನ್ನು!" ಅಂತು ಮಣೆ. ಕೋಲಿನ ತುದಿಗೆ ಸುಣ್ಣ ಉಜ್ಜಿದಳು. "ಮೂಗು, ಮೂಗು!" ಅಂತು ಉಂಡೆ.

ಮೊದಲನೆಯದು ಕೆಂಪು. ಪುಟ್ಟಮಲ್ಲಿ ನಡುವಿಗೆ ಹೊಡೆಯುವವಳಂತೆ ಗುರಿ ಹಿಡಿದಳು. ಆಮೇಲೆ ಮೇಜಿನ ಮೇಲೂರಿದ ಮುಂದಿನ ಕೈಯನ್ನು ಕದಲಿಸದೆ, ಹಿಂದಿನ ಕೈಯನ್ನಷ್ಟೇ ಎಡಕ್ಕೆ ಸರಿಸಿದಳು. ಕೋಲಿನ ತುದಿ ಅಮ್ಮಾಜಿಯ ಬಲಪಕ್ಕೆಗೆ ಬಂತು. ಈಗ ಕೋಲು ಕೆಂಪು ಚೆಂಡನ್ನು ಬಿಟ್ಟು ಬಲಗಡೆ ಎಲ್ಲೋ ನೋಡುತ್ತಿತ್ತು.

"ಅಲ್ಲಿ ಏನೂ ಇಲ್ಲವಲ್ಲೇ!" ಮಂತ್ರಿ ತಲೆ ಚಚ್ಚಿಕೊಂಡ.

ಟಕ್! "ಬಲಕ್ಕಾ? ಹೋಗೋದಿಲ್ಲ!" ಎನ್ನುತ್ತಾ ಅಮ್ಮಾಜಿ ಎಡಕ್ಕೆ ಸರಿದಳು, ಸರಿದು ಕರಾರುವಾಕ್ಕಾಗಿ ಕೆಂಪಿಗೇ ಬಡಿದಳು. ಕೆಂಪು ಬಿತ್ತು. ಅಮ್ಮಾಜಿ ಗಿರಗಿರ ತಿರುಗುತ್ತಾ ಅಂಚಿಗೆ ತಾಗಿ, ಕುಳಿಯನ್ನು ಬಿಟ್ಟು ಬೇರೆ ದಾರಿ ಹಿಡಿದಳು.

ಎರಡನೆಯದು ಹಳದಿ. ಅದು ಕುಳಿಯ ಬಾಯಲ್ಲೇ ಕೂತಿತ್ತು. ಜೋರಾದರೆ ಅಮ್ಮಾಜಿಯೂ ಒಳಗೆ. ಮೆಲ್ಲಗೆ ಹೊಡೆದರೆ ಹೋದವಳು ಬಾಗಿ ಬರುತ್ತಾಳೆ, ಅಂದಮೇಲೆ ಹಿಂದಿನ ಕೈ ಸರಿಸುವುದೇ ಬೇಡ. ಪುಟ್ಟಮಲ್ಲಿ ಕೋಲನ್ನು ನೆಟ್ಟಗೇ ಇಟ್ಟು, ಬಲಪಕ್ಕೆಯನ್ನು ಮೆತ್ತಗೆ ತಟ್ಟಿದಳು. ಅಮ್ಮಾಜಿ ಮುನಿಸಿಕೊಂಡು ಎಡಕ್ಕೆ ಹೋದಳು, ಯೋಚಿಸಿದಳು, ಬಲಕ್ಕೆ ಬಾಗಿದಳು. ಹಳದಿ ಬಿತ್ತು.

ವಕ್ರದಂಡನ ನಗು ನಿಂತಿತು. ಅವನು ಬಗ್ಗಿ ಬಿಳಿ ಚೆಂಡಿನ ಕಿವಿಯಲ್ಲಿ, ಎಂದರೆ ಕಿವಿ ಇರಬೇಕಾದ ಜಾಗದಲ್ಲಿ, ಜೇನಿನಂಥ ದನಿಯಲ್ಲಿ ಅಂದ: "ರಾಣಿಯಮ್ಮಾ, ಪಾಪ, ಆ ಹುಡುಗಿ ನಿಮಗಾಗಿ ಎಷ್ಟು ಒದ್ದಾಡ್ತಿದ್ದಾಳೆ. ಒಂದು ಸಲವಾದರೂ ಅವಳು ಹೇಳಿದ ಕಡೆ ಹೋಗಬಾರದೇ?"

ಅಮ್ಮಾಜಿಯ ಕರುಳು ಚುರುಕ್ ಅಂತು. "ಹೌದು ಕಣೇ ಮಗಳೇ! ಇನ್ನು ನೀನು ಹೇಳಿದ ಹಾಗೆ. ಕೋಲು ಎಲ್ಲಿ ತೋರಿಸಿದರೆ ಅಲ್ಲಿ. ಸ್ವಲ್ಪ ಬಲಕ್ಕೆ ಹೋಗಲಾ? ಎಷ್ಟು? ಇಷ್ಟು ಸಾಕಾ?"

ಪುಟ್ಟಮಲ್ಲಿ ಕೋಲು ಕೆಳಗಿಳಿಸಿದಳು. ಅಮ್ಮಾಜಿಯ ಹಠದ ಅಳತೆ ಬನಾತಿನ ಮೇಲೆ ಗೆರೆಗೆರೆಯಾಗಿ ಇತ್ತು. ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹುಟ್ಟಿದ ವಿಧೇಯತೆಯ ಅಳತೆ ಯಾರಿಗೆ ಗೊತ್ತು? ಹೊರಗೆ ಸೂರ್ಯ ಬೆಟ್ಟದ ನೆತ್ತಿಗೆ ತಾಗಿದ್ದ.

"ಅಮ್ಮಾಜಿ, ನೀವು ಯಾವಾಗಲೂ ಇರೋ ಹಾಗೇ ಇರಿ," ಎಂದು ಪಿಸುಗುಟ್ಟಿದಳು.

"ಆಗಲಿ ಮಗಳೇ, ನೀನು ಹೇಳಿದ ಮೇಲೆ ಮುಗೀತು," ಅಂದಳು ಅಮ್ಮಾಜಿ, ಹಾಲು ಕುಡಿದ ಕೂಸಿನಂತೆ. ಕೆಲಸ ಕೆಟ್ಟಿತು.

ಪುಟ್ಟಮಲ್ಲಿ ನೀಲಿ ಚೆಂಡಿಗೆ ಗುರಿ ಹಿಡಿದಳು. ಹಿಂದಿನ ಕೈ ಸರಿಸಿದಳು. ಉಸಿರೆಳೆದುಕೊಂಡಳು. ಆಮೇಲೆ ಅರಮನೆಯ ಗಿಳಿಗಳೆಲ್ಲ ಹಾರಿಹೋಗುವಂತೆ ಕಿರುಚಿದಳು:

"ನೀವು ಚೌಕಾಬಾರದಲ್ಲಿ ಮೋಸ ಮಾಡ್ತೀರಿ! ಕವಡೆ ಸೆರಗಲ್ಲಿ ಬಚ್ಚಿಡ್ತೀರಿ! ಇಡೀ ಊರಿಗೇ ಗೊತ್ತು!"

"ಏನಂದೆ?" ಬಿಳಿ ಚೆಂಡು ಕೆಂಪಗಾಯಿತು. "ನಾನಾ? ಮೋಸವಾ? ನಿನ್ನ ಮಾತು ಇನ್ನು ಜನ್ಮದಲ್ಲಿ—"

ಟಕ್! ಅಮ್ಮಾಜಿ ಸಿಡಿದು ಎಡಕ್ಕೆ ಸರಿದು ನೀಲಿಗೆ ಅಪ್ಪಳಿಸಿದಳು. ನೀಲಿ ಬಿತ್ತು. ಅಮ್ಮಾಜಿ ಸುತ್ತುತ್ತಾ ಕುಳಿಯ ಪಕ್ಕದಲ್ಲೇ ಹಾದು ಮೇಜಿನ ನಡುವೆ ನಿಂತಳು.

"ನೀಲಿ ಬಿದ್ದಿಲ್ಲ! ಬಿದ್ದಿರಲಾರದು!" ವಕ್ರದಂಡ ಕುಳಿಯೊಳಗೆ ತಲೆ ಹಾಕಿ ನೋಡಿದ. ಕುಳಿ ಅವನನ್ನು ಅವಲಕ್ಕಿಯಂತೆ ಗುಳುಂ ಮಾಡಿ ಮುಚ್ಚಿಕೊಂಡಿತು. ಮೇಜು ಹೊಗೆಯಾಯಿತು. ರಾಜಕುಮಾರರು ಮೂವರೂ ಮೂಗು, ಬೆನ್ನು, ತಲೆ ಸವರಿಕೊಳ್ಳುತ್ತಾ ಎದ್ದರು.

ಹೊಗೆಯಿಂದ ಅಮ್ಮಾಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು.

"ಈಗ ಹೇಳೇ. ನಾನು ಮೋಸ ಮಾಡ್ತೀನಾ?"

ಪುಟ್ಟಮಲ್ಲಿ ನೆಲ ನೋಡಿದಳು. ಆಮೇಲೆ ತಲೆ ಎತ್ತಿದಳು. "ಮಾಡ್ತೀರಿ ಅಮ್ಮಾಜಿ," ಅಂದಳು. ಹಿಂದಿನ ಸಾಲಿನವರಿಗೂ ಕೇಳಿಸಿತು.

ಅಮ್ಮಾಜಿ ಅವಳನ್ನು ಬಾಚಿ ತಬ್ಬಿಕೊಂಡಳು. "ಇಂಥ ದನಿ ಇಟ್ಟುಕೊಂಡು ಇಷ್ಟು ವರ್ಷ ಎಲ್ಲಿ ಅಡಗಿಸಿದ್ದೆ? ನಾಳೆಯಿಂದ ಸಭೆಯಲ್ಲಿ ನನ್ನ ಪಕ್ಕ ಕೂತ್ಕೋ."

ಅಂದಿನಿಂದ ಹೊರಳುನಾಡಿನಲ್ಲಿ ಕೆರೆ ತುಂಬಿತು, ಕಣಜ ತುಂಬಿತು, ಎಲ್ಲರೂ ಸುಖವಾಗಿದ್ದರು. ಚೌಕಾಬಾರದಲ್ಲಿ ಪುಟ್ಟಮಲ್ಲಿಗೆ ಸೋತ ದಿನ ಅಮ್ಮಾಜಿಯೊಬ್ಬಳನ್ನು ಬಿಟ್ಟು.