ಕತ್ತಲಲ್ಲಿ ಕಟ್ಟಿದ ತಾಳಿ

“ಕೇಳಿದ್ರೇನ್ರಿ ಅತ್ತಿ? ನಿಮ್ಮ ಸಣ್ಣ ಸೊಸಿ ಜಡ್ಜ್ ಸಾಹೇಬ್ರ ಮುಂದ ತನ್ನ ಬಾಯಿಲೇ ಹೇಳಿ ಬಂದಾಳ… ‘ಅವರ ಜೋಡಿ ನಂದು ಲಗ್ನ ಆಗಿಲ್ರಿ’ ಅಂತ! ನಾವ್ಯಾರೂ ಹೇಳಿಸಿದ್ದಲ್ಲ ನಮ್ಮವ್ವಾ!”

ಕೋರ್ಟಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ಕಸ್ತೂರಿಬಾಯಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಪರೇಲಿನ ಆ ಚಾಳಿನಲ್ಲಿ ಅವರಿಗಿದ್ದದ್ದು ಒಂದೇ ಖೋಲಿ. ಅದರೊಳಗೆ ಎರಡು ಸಂಸಾರ. ನೆಗೆಣ್ಣಿ ಗಂಗುಬಾಯಿಯ ನಗು ನಾಲ್ಕೂ ಗೋಡೆಗೆ ಬಡಿದು ತಿರುಗಿ ತನ್ನ ಮುಖಕ್ಕೇ ಬಂದು ತಾಗಿದಂತೆ ಅವಳಿಗೆ ಅನಿಸಿತು. ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅತ್ತೆ ಮಲ್ಲಕ್ಕ ತಲೆ ಎತ್ತಲಿಲ್ಲ.

“ಆಗಿಲ್ಲ ಅಂತನ ಹೇಳೀನಿ. ದೇವರ ಮ್ಯಾಲೆ ಆಣಿ ಮಾಡಿಸಿ ಕೇಳಿದ್ರು. ಸುಳ್ಳು ಹೇಳಬೇಕಾಗಿತ್ತೇನು?” ಎಂದಳು ಕಸ್ತೂರಿ. ದನಿ ಏರಿಸಲಿಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ಮಿಲ್ಲಿನ ಭೋಂಗಾ ಆಗಲೇ ಕೂಗಿತ್ತು. ಊಟಕ್ಕೆ ಬರುವ ಮಂದಿ ಮೆಟ್ಟಿಲು ಹತ್ತುವ ಹೊತ್ತು. ಹೆಂಡಿರು ಮಕ್ಕಳನ್ನು ವಿಜಾಪುರ, ಬಾಗಲಕೋಟೆಯ ಕಡೆ ಬಿಟ್ಟು ಬಂದ ಆಳುಗಳಿಗೆ ರೊಟ್ಟಿ, ಪಲ್ಯ ಮಾಡಿ ಹಾಕಿಯೇ ಅವಳು ತಾನೂ ಉಂಡು ಮಗಳು ನೀಲಾಳನ್ನೂ ಸಾಕುತ್ತಿದ್ದಳು. ಆ ವರ್ಷ ರೇಷನ್ನಿನಲ್ಲಿ ಬರುತ್ತಿದ್ದದ್ದು ಪರದೇಶದ ಮಿಲೋ ಜೋಳ. ಎಷ್ಟು ಬಿಸಿನೀರು ಹಾಕಿ ನಾದಿದರೂ ಹಿಟ್ಟಿಗೆ ಜಿಗಿಯೇ ಬರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿರುವಾಗಲೇ ಅಂಚು ಹರಿಯುತ್ತಿತ್ತು. ಸೆರಗು ಸಿಕ್ಕಿಸಿ ಹಿಟ್ಟಿನ ಪರಾತದ ಮುಂದೆ ಕುಳಿತಳು. ಅಳಬೇಕು ಅನಿಸಿತು… ಆದರೆ ಅಳುವುದಕ್ಕೂ ಒಂದಿಷ್ಟು ಬಿಡುವು ಬೇಕಲ್ಲ!

ಖೋಲಿ ಇದ್ದದ್ದು ಗಂಡ ಹಣಮಂತನ ಹೆಸರಿನಲ್ಲಿ. ಹತ್ತಿಯ ಧೂಳು ಕುಡಿದು ಕುಡಿದು ಎದೆ ಸೋತು, ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ. ಅವನಣ್ಣ ಅಣವೀರಪ್ಪ ಗೋದಿಯಲ್ಲಿ, ಅಂದರೆ ಬಂದರಿನ ಧಕ್ಕೆಯಲ್ಲಿ, ಹಡಗಿನ ಮೂಟೆ ಹೊರುವವನು. ಕೆಲವು ವರ್ಷಗಳ ಹಿಂದೆ ಹೆಂಡತಿ ಮಕ್ಕಳೊಂದಿಗೆ ಬಂದು ತಮ್ಮನ ಖೋಲಿಯಲ್ಲೇ ಸೇರಿಕೊಂಡಿದ್ದ. ತಮ್ಮ ಸತ್ತ ಮೇಲೆ ಖೋಲಿಯ ಬಾಡಿಗೆ ಪಾವತಿ ಯಾರ ಹೆಸರಿಗೆ ಎಂಬ ಮಾತು ಎದ್ದಿತು. ಸತ್ತವನ ಜೊತೆಯಲ್ಲಿದ್ದ ಮನೆಯವರು ತಮ್ಮತಮ್ಮಲ್ಲೇ ಒಪ್ಪದಿದ್ದರೆ ಕೋರ್ಟು ಹೇಳಿದವರಿಗೆ ಖೋಲಿ. ಅಣವೀರಪ್ಪ ವಕೀಲನನ್ನು ಹಿಡಿದ. “ಅಕಿ ನನ್ನ ತಮ್ಮನ ಹೆಂಡ್ತೀನ ಅಲ್ಲ” ಎಂದುಬಿಟ್ಟ!

ಕಸ್ತೂರಿಯ ಮೊದಲ ಗಂಡ ಅವಳು ಮೈನೆರೆಯುವ ಮುಂಚೆಯೇ ಸತ್ತಿದ್ದ. ಅವರ ಮಂದಿಯಲ್ಲಿ ಹೆಣ್ಣಿಗೆ ಲಗ್ನವೆನ್ನುವುದು ಜೀವದಲ್ಲಿ ಒಂದೇ ಸಲ. ಆಮೇಲೆ ಮತ್ತೊಬ್ಬನ ಕೈ ಹಿಡಿದರೆ ಅದು ಉಡಿಕಿ. ಹಂದರವಿಲ್ಲ, ವಾಲಗವಿಲ್ಲ, ಭಟ್ಟರಿಲ್ಲ. ಕತ್ತಲಲ್ಲಿ, ದೀಪ ಸಣ್ಣಗೆ ಮಾಡಿ, ಹೊಸ ಸೀರೆ ಉಡಿಸಿ, ಉಡಿ ತುಂಬಿ, ತಾಳಿ ಕಟ್ಟಿಸುತ್ತಾರೆ. ಆ ಹೊತ್ತಿಗೆ ಮುತ್ತೈದೆಯರು ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಿರಬೇಕು. ನೋಡಿದರೆ ಅವರ ಮುತ್ತೈದೆತನಕ್ಕೆ ಕೇಡಂತೆ. ಹೀಗಿರುವಾಗ ‘ನಿನ್ನ ಲಗ್ನ ಆಗಿತ್ತೇ?’ ಎಂದು ಕೋರ್ಟಿನಲ್ಲಿ ಕೇಳಿದರೆ ಆ ಸಾದಾ ಹೆಣ್ಣು ‘ಇಲ್ಲ’ ಎನ್ನದೆ ಇನ್ನೇನು ಹೇಳಬೇಕಿತ್ತು?

ಭಾನುವಾರ ಕೊರಗಪ್ಪ ಬಂದ. ಉಡುಪಿಯ ಕಡೆಯವನು, ಫೋರ್ಟಿನಲ್ಲಿ ಒಬ್ಬ ವಕೀಲರ ಆಫೀಸಿನ ಕಾರಕೂನ. ಚಾಳಿನ ಗ್ಯಾಲರಿಯಲ್ಲಿ ಚಾಪೆಯ ಮೇಲೆ ಕುಳಿತು, ಇಂಗ್ಲಿಷು ಮರಾಠಿಯಲ್ಲಿದ್ದ ಕೋರ್ಟಿನ ಮಾತನ್ನು ಕನ್ನಡದ ಮಂದಿಗೆ ಬಿಡಿಸಿ ಹೇಳುವುದು ಅವನು ತಾನಾಗಿ ಹಚ್ಚಿಕೊಂಡ ಕೆಲಸ. ಅವನ ವಕೀಲರೇ ಕಸ್ತೂರಿಯ ಪರವಾಗಿ ನಿಂತಿದ್ದರು.

“ಎಂತ ಮಾಡಿ ಹಾಕಿದ್ರಿ ಅಕ್ಕ! ಲಗ್ನ ಆಗಿಲ್ಲ ಅಂದ್ರೆ ನೀವು ಇಟ್ಟುಕೊಂಡವಳು ಅಂತ ಬರ್ಕೊಳ್ತಾರೆ ಮಾರಾಯ್ರೆ!”

“ಉಡಿಕಿ ಆಗೈತೇನು ಅಂತ ಯಾರೂ ಕೇಳಲೇ ಇಲ್ಲಲ್ರಿ ಅಣ್ಣಾರ…”

“ಕೇಳಲಿಕ್ಕೆ ಅವರಿಗೆ ಗೊತ್ತಿರಬೇಕಲ್ಲ? ನಮ್ಮ ವಕೀಲರಿಗೂ ಗೊತ್ತಿಲ್ಲ, ನನಗೂ ಈಗಲೇ ಗೊತ್ತಾದದ್ದು. ನಮ್ಮಲ್ಲಿ ಮನೆ ಜಾಗ ಎಲ್ಲ ತಾಯಿಯ ಕಡೆಯಿಂದ ಬರ್ತದೆ. ಅಲ್ಲಿ ಇಂಥ ತಕರಾರೇ ಹುಟ್ಟುವುದಿಲ್ಲ.”

ಪಕ್ಕದ ಖೋಲಿಯ ರಹೀಮಾ ಅಕ್ಕಿ ಆರಿಸುತ್ತ ಕುಳಿತಲ್ಲಿಂದಲೇ ಬಾಯಿ ಹಾಕಿದಳು. “ನಮ್ಮಾಗ ಗಂಡ ಸತ್ತಾಕಿ ಮತ್ತ ನಿಕಾ ಮಾಡ್ಕೊಂಡ್ರ ಅದೂ ನಿಕಾನ. ಖಾಜಿ ಇರ್ತಾರ, ಸಾಕ್ಷಿಗೆ ಗವಾ ಇರ್ತಾರ, ಹಾಡಾಹಗಲ ಮಾಡ್ತಾರ. ನಿಮ್ಮ ಮಂದೀಗೆ ಈ ಕತ್ತಲಾ ಯಾಕ ಬೇಕೋ ಏನೋ, ಅಲ್ಲಾನ ಬಲ್ಲ!”

“ಹಂಗಾರ ಅಕೀನ್ನ ನಿಮ್ಮ ಖಾಜಿ ಕೋರ್ಟಿಗೇ ಕರಕೊಂಡು ಹೋಗ ತಂಗಿ,” ಎಂದು ಯಾರೋ ಅಂದರು. ಗ್ಯಾಲರಿಯೆಲ್ಲ ನಕ್ಕಿತು. ಕಸ್ತೂರಿಯೂ ಒಂದು ಗಳಿಗೆ ನಕ್ಕಳು.

“ಕಾನೂನು ಅಷ್ಟು ಕಲ್ಲಲ್ಲ ಅಕ್ಕ,” ಎಂದ ಕೊರಗಪ್ಪ ಮೆತ್ತಗೆ. “ನಿಮ್ಮ ಜನರ ಪದ್ಧತಿಯಲ್ಲಿ ಅದು ಮದುವೆ ಅಂತಾದ್ರೆ ಕಾನೂನಿಗೂ ಅದು ಮದುವೆಯೇ. ಆದ್ರೆ ಪದ್ಧತಿ ಉಂಟು, ಇದು ಆದದ್ದು ಹೌದು ಅಂತ ಕಂಡವರು ಬಂದು ಹೇಳ್ಬೇಕು.”

“ಕಂಡವರು…?” ಕಸ್ತೂರಿಯ ಮುಖ ಬಾಡಿತು. “ಯಾರೂ ಕಾಣಬಾರದು ಅಂತನ ಅದನ್ನ ಕತ್ತಲಾಗ ಮಾಡೂದಲ್ರಿ ಅಣ್ಣಾರ!”

ಈಗ ಯಾರೂ ನಗಲಿಲ್ಲ.

“ಉಡಿ ತುಂಬಿದವರು ಯಾರು?” ಎಂದ ಕೊರಗಪ್ಪ.

“ನಮ್ಮತ್ತಿ. ಅವರೂ ಗಂಡನ್ನ ಕಳಕೊಂಡವರಲ್ರಿ, ಅದಕ್ಕ ಅವರು ನೋಡಬಹುದಾಗಿತ್ತು.”

ಕೊರಗಪ್ಪ ಚಾಪೆಯಿಂದ ಎದ್ದ. ಮಲ್ಲಕ್ಕ ಅಣವೀರಪ್ಪನ ಕಡೆಯ ಸಾಕ್ಷಿ. ಹೋಗುವಾಗ ಇಷ್ಟೇ ಹೇಳಿದ: “ಕೋರ್ಟಲ್ಲಿ ಇಂಗ್ಲಿಷಲ್ಲಿ ಎಂತ ಹೇಳಿದ್ರು ಅಂತ ತಿಳಿಯದಿದ್ರೆ ಎದ್ದು ಕೇಳಿ. ಹೆದರಬೇಡಿ. ನಮ್ಮ ಮೇಲೆ ಆಡಿದ ಮಾತು ನಮಗೆ ತಿಳೀಬೇಕು.”

ಮರುದಿನ ನಲ್ಲಿಯ ಹತ್ತಿರ ಕಸ್ತೂರಿ ಅತ್ತೆಯ ಕೈಯಿಂದ ಕೊಡ ಇಸಿದುಕೊಂಡಳು. “ಅತ್ತಿ… ಉಡಿಕಿ ಆತು, ನಾನ ಉಡಿ ತುಂಬೀನಿ ಅಂತ ಒಂದು ಮಾತು ಅನ್ರಿ. ನೀಲಾನ ಮಾರಿ ನೋಡಿ ಆದ್ರೂ…”

“ಸೊಲ್ಲಾಪುರದಿಂದ ಅಣವೀರನ ಮಗಳಿಗೆ ಸೋಯರಿಕಿ ಬಂದೈತಿ. ದೊಡ್ಡ ಮಂದಿ, ಮಡಿವಂತರು. ಅಂಥಾದ್ರಾಗ ಉಡಿಕಿ ಪಡಿಕಿ ಅಂತ ಕಚೇರ್ಯಾಗ ಒದರಲೇನು? ಲಗ್ನ ಆಗಿಲ್ಲ ಅಂತ ನೀನ ಹೇಳೀದಿ, ನಾನೂ ಅಷ್ಟ ಹೇಳ್ತೀನಿ. ಖರೆ ಐತಲ್ಲ!” ಮಲ್ಲಕ್ಕ ಕೊಡ ಕಸಿದುಕೊಂಡಳು. ಕಸ್ತೂರಿ ಸೊಸೆಯಾಗಿ ಬಂದಂದಿನಿಂದ ಹೀಗೆಯೇ. ಹಬ್ಬದ ದಿನ ಆರತಿ ತಟ್ಟೆ ಮುಟ್ಟಗೊಡುತ್ತಿರಲಿಲ್ಲ; ಬಸುರಿಯರಿಗೆ ಕುಬಸ ಮಾಡುವಾಗ ಒಳಗೆ ಕರೆಯುತ್ತಿರಲಿಲ್ಲ. “ಉಡಿಕ್ಯಾಕಿ, ಅತ್ತಾಗ ಸರಿ” ಎನ್ನುವುದು ಅತ್ತೆಯೇ ಮೊದಲು.

ಕೋರ್ಟಿನ ದಿನ ಬಂತು. ನೀಲಾಳನ್ನು ರಹೀಮಾಳ ಹತ್ತಿರ ಬಿಟ್ಟು ಕಸ್ತೂರಿ ಹೋದಳು. ಮಲ್ಲಕ್ಕ ಕಟಕಟೆಯಲ್ಲಿ ನಿಂತಾಗ ಪಕ್ಕದಲ್ಲಿ ಕೋರ್ಟಿನ ದುಭಾಷಿ, ಕಪ್ಪು ಕೋಟಿನ ಮುದುಕ, ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದ.

“ಇವರ ಲಗ್ನವನ್ನು ನೀವು ಕಂಡಿರೇನು?”

“ಲಗ್ನ ಎಲ್ಲೀದ್ರಿ? ಲಗ್ನ ಆಗಿಲ್ಲ.”

ಅಣವೀರಪ್ಪನ ವಕೀಲ ಗೆದ್ದವನಂತೆ ನ್ಯಾಯಾಧೀಶರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡತೊಡಗಿದ. ದುಭಾಷಿ ಕೈಕಟ್ಟಿ ನಿಂತ. ಆ ಮಾತು ಸಾಕ್ಷಿಗೆ ಸಂಬಂಧಿಸಿದ್ದಲ್ಲ. ಆದರೆ ಕಸ್ತೂರಿಯ ಹಿಂದೆ ಕುಳಿತ ಕೊರಗಪ್ಪ ಅದನ್ನು ಪಿಸುದನಿಯಲ್ಲಿ ಅವಳ ಕಿವಿಗೆ ಇಳಿಸುತ್ತಿದ್ದ. ಕೇಳುತ್ತ ಕೇಳುತ್ತ ಅವಳ ಕೈ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ತನಗೆ ಅಂದದ್ದನ್ನು ಅವಳು ನುಂಗುತ್ತಿದ್ದಳೇನೋ… ಆದರೆ ಮಗಳಿಗೆ!

ಅವಳು ಎದ್ದು ನಿಂತಳು.

“ಸಾಹೇಬ್ರ… ನನ್ನ ಬಿಡ್ರಿ. ಈಗ ವಕೀಲರು ಅಂದದ್ದನ್ನ ನಮ್ಮತ್ತೀಗೂ ಕನ್ನಡದಾಗ ಹೇಳ್ರಿ. ಅವರ ಮೊಮ್ಮಗಳಿಗೆ ಏನಂದ್ರು ಅಂತ ಅವರಿಗೂ ತಿಳೀಲಿ. ತಿಳಕೊಂಡು ಆಮ್ಯಾಲೆ ಬೇಕಾದ್ದು ಹೇಳ್ಲಿ!”

ವಕೀಲ ಬೇಡವೆಂದ. ನ್ಯಾಯಾಧೀಶರು ದುಭಾಷಿಯಿಂದ ಅವಳ ಮಾತನ್ನು ತಿಳಿದುಕೊಂಡು, ಹೇಳು ಎಂದು ಕೈಸನ್ನೆ ಮಾಡಿದರು.

ಮುದುಕ ಗಂಟಲು ಸರಿಮಾಡಿಕೊಂಡ. “ಉಡಿಕಿಯೋ ಇನ್ನೊಂದೋ, ವಿಧವೆಯು ಹೀಗೆ ಕೂಡಿಕೊಂಡರೆ ಅದು ವಿವಾಹವಲ್ಲ. ಆಕೆ ಹೆಂಡತಿಯಲ್ಲ, ಇಟ್ಟುಕೊಂಡವಳು. ಆಕೆಯ ಹೊಟ್ಟೆಯಲ್ಲಿ ಹುಟ್ಟಿದವರಿಗೆ ತಂದೆಯ ಹೆಸರಿಲ್ಲ. ಎಂದು ಈ ವಕೀಲರ ವಾದ.”

ಮಲ್ಲಕ್ಕ ಕಟಕಟೆಯ ಕಟ್ಟಿಗೆ ಹಿಡಿದು ನಿಂತಳು. “ಏನಂದ್ರಿ…? ಹೊಟ್ಟ್ಯಾಗ ಹುಟ್ಟಿದವರಿಗೆ…? ಇನ್ನೊಮ್ಮೆ ಹೇಳ್ರಿ.”

ಅವನು ಮತ್ತೆ ಹೇಳಿದ.

ಮುದುಕಿಯ ಕಣ್ಣು ದೊಡ್ಡ ಮಗನನ್ನು ಹುಡುಕಿತು. “ಅಣವೀರಾ! ಇದನ್ನ ನೀ ಹೇಳಿಸಿದ್ಯಾ? ಯಾರಿಗೆ ಹೇಳಿಸಾಕತ್ತೀ ಅಂತ ಗೊತ್ತೇನೋ ನಿನಗ?”

“ಅವ್ವಾ, ಸುಮ್ಮನಿರು!” ಎಂದ ಅಣವೀರಪ್ಪ.

“ಎಷ್ಟು ದಿನ ಸುಮ್ಮನಿರಲಿ…? ಬರಕೋರಿ ಸಾಹೇಬ್ರ! ಇಕೀದು ಉಡಿಕಿ ಆಗೈತಿ. ಸೀರಿ ಉಡಿಸಿದಾಕಿ ನಾನು, ಉಡಿ ತುಂಬಿದಾಕಿ ನಾನು. ನನ್ನ ಮಗ ತಾಳಿ ಕಟ್ಟಿದಾಗ ದೀಪ ಹಿಡಿದು ನಿಂತಾಕಿ ನಾನು. ಮತ್ತ… ಮತ್ತ ನಂದೂ ಉಡಿಕೀನ್ರಿ! ನನ್ನ ಲಗ್ನದ ಗಂಡ ಪ್ಲೇಗಿಗೆ ಸತ್ತ. ಇವನಪ್ಪ ಗುರಲಿಂಗಪ್ಪ ನನಗ ಕತ್ತಲಾಗ ತಾಳಿ ಕಟ್ಟಿ ಬ್ಯಾರೆ ಊರಿಗೆ ಕರಕೊಂಡು ಬಂದ. ಮಕ್ಕಳಿಗೂ ಹೇಳಲಿಲ್ಲ. ನಾ ಇಟ್ಟಕೊಂಡಾಕಿ ಏನು? ಅವರು ಸಾಯೂಮಟ ಅವರ ಗಂಗಾಳದಾಗ ಉಂಡೀನಿ… ಹೇಳ್ರಿ, ನಾ ಯಾರು?”

ದುಭಾಷಿ ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅವನ ದನಿಯೂ ಸಣ್ಣದಾಗಿತ್ತು. ಅಣವೀರಪ್ಪ ತಲೆ ತಗ್ಗಿಸಿ ಹೊರಗೆ ಹೋದ. ಹಿಂತಿರುಗಿ ನೋಡಲಿಲ್ಲ.

ಬಸ್‌ಸ್ಟಾಪಿನಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಬಸ್ಸು ಬಂದವು, ಹೋದವು. ಕಸ್ತೂರಿಗೆ ಸಂತೋಷವಾಗಬೇಕಿತ್ತು, ಆದರೆ ಬಂದದ್ದು ಸಿಟ್ಟು.

“ಇಷ್ಟು ವರ್ಷ ನನ್ನ ಹೊರಗ ಕುಂದ್ರಿಸಿದ್ರಿ… ಹಬ್ಬ ಇಲ್ಲ, ಆರತಿ ಇಲ್ಲ. ನೀವೂ ನನ್ನಂಗ ಇದ್ದು… ಹೆಂಗ ಮನಸ್ಸು ಬಂತ್ರಿ ಅತ್ತಿ?”

“ಅದಕ್ಕ ಕುಂದ್ರಿಸಿದೆ,” ಎಂದಳು ಮಲ್ಲಕ್ಕ, ರಸ್ತೆಯ ಕಡೆ ನೋಡುತ್ತ. “ನಿನ್ನ ಒಳಗ ಕರದಿದ್ರ ಮಂದಿ ನನ್ನ ಕಡೆ ನೋಡ್ತಿದ್ರು. ನಿನ್ನ ಬಯ್ದಷ್ಟು ದಿನ ನನ್ನ ಯಾರೂ ಕೇಳಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡು, “ಬ್ಯಾಸರಾಗೈತವ್ವಾ…” ಎಂದಳು.

ಮುಂದಿನ ಬಸ್ಸು ಬಂದಾಗ ಕಸ್ತೂರಿ ಅತ್ತೆಯ ರಟ್ಟೆ ಹಿಡಿದು ಹತ್ತಿಸಿದಳು.

ಅವರು ಮನೆ ಸೇರುವಷ್ಟರಲ್ಲಿ ಗಂಗುಬಾಯಿ ಪಾತ್ರೆ ಹಾಸಿಗೆ ಕಟ್ಟಿಯಾಗಿತ್ತು. “ನನ್ನ ಮಗಳ ಬಾಳಿಗೆ ಬೆಂಕಿ ಹಚ್ಚಿದ್ರಿ!” ಎಂದು ಅತ್ತಳು. ಅದೂ ಸುಳ್ಳಲ್ಲ, ಸೊಲ್ಲಾಪುರದವರು ಸುದ್ದಿ ತಿಳಿದು ಹಿಂದೆ ಸರಿದರು. ಅಣವೀರಪ್ಪನ ಸಂಸಾರ ಕುರ್ಲಾದ ಒಂದು ಜೋಪಡಿಗೆ ಹೋಯಿತು. “ಭಾವಾರ, ಇಲ್ಲೇ ಇರ್ರಿ, ಇಷ್ಟು ದಿನ ಇದ್ದಂಗ ಇರೂಣು” ಎಂದು ಕಸ್ತೂರಿ ಎರಡು ಸಲ ಹೇಳಿಕಳಿಸಿದಳು. ಉತ್ತರ ಬರಲಿಲ್ಲ. ಮಲ್ಲಕ್ಕ ಮಾತ್ರ ಪರೇಲಿನಲ್ಲೇ ಉಳಿದಳು. ಹಿಟ್ಟು ನಾದುವುದು ಈಗ ಅವಳ ಪಾಲಿನ ಕೆಲಸ.

ತೀರ್ಪು ಬಂದದ್ದು ಮಳೆಗಾಲದ ಹೊತ್ತಿಗೆ. ಇಂಗ್ಲಿಷಿನಲ್ಲಿದ್ದ ಅದನ್ನು ಕೊರಗಪ್ಪ ಗ್ಯಾಲರಿಯಲ್ಲಿ ಕುಳಿತು ಕನ್ನಡದಲ್ಲಿ ಓದಿದ. ಊಟದ ಮಂದಿ ಕೈ ತೊಳೆದು ನಿಂತರು. ರಹೀಮಾ ನೀಲಾಳನ್ನು ಮಡಿಲಲ್ಲಿ ಕೂರಿಸಿಕೊಂಡಳು.

“ಖೋಲಿ ಕಸ್ತೂರಿಬಾಯಿಗೆ. ಉಡಿಕೆ ಈ ಜನರಲ್ಲಿ ಹಿಂದಿನಿಂದ ನಡೆದುಬಂದ ಮದುವೆ. ಇದನ್ನು ನಾವು ನಂಬಿದ್ದು ಯಾರ ಮಾತಿನಿಂದ ಅಂದ್ರೆ… ಸಾಕ್ಷಿ ಮಲ್ಲಕ್ಕ, ದಿವಂಗತ ಗುರಲಿಂಗಪ್ಪನ ಹೆಂಡತಿ…”

“ತಡೀರಿ!” ಎಂದಳು ಮಲ್ಲಕ್ಕ. ಹಿಟ್ಟಿನ ಕೈ ಹಾಗೆಯೇ ನಿಂತಿತ್ತು. “ಯಾರ… ಏನು?”

“ಗುರಲಿಂಗಪ್ಪನ ಹೆಂಡತಿ. ಹಾಗೆಯೇ ಬರೆದಿದ್ದಾರೆ ಅಮ್ಮ.”

ಅವಳ ಕಣ್ಣೀರು ಸುಕ್ಕುಗಳಲ್ಲಿ ಹರಿದು ಗದ್ದದಿಂದ ತೊಟ್ಟಿಕ್ಕಿತು. ಆಮೇಲೆ ಕೇಳಿದಳು: “ಇದನ್ನ ಅಣವೀರಗೂ ಒಮ್ಮೆ ಓದಿ ಹೇಳ್ತೀರೇನಪಾ? ಅವ ಇಟ್ಟಕೊಂಡಾಕಿ ಮಗ ಅಲ್ಲ, ಹೆಂಡತೀ ಮಗ ಅಂತ ಅವಗೂ ತಿಳೀಲಿ.”

“ಮುಂದಿನ ಭಾನುವಾರ ಕುರ್ಲಾಕ್ಕೆ ಹೋಗಿ ಬರ್ತೇನೆ ಅಮ್ಮ. ಆದ್ರೆ… ಬಾಗಿಲು ತೆಗೀತಾರೋ ಇಲ್ವೋ.”

ಮಲ್ಲಕ್ಕ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

“ತಗೀಲಿಲ್ಲಂದ್ರ ಹೊರಗ ನಿಂತು ಓದ್ರಿ. ಒಳಗ ಕೇಳಸ್ತದ.”